ಮತ್ತೆ ಕಾಣುವ ಮುಖ

ನಮ್ಮ ಕಲಬುರಗಿಯಲ್ಲಿ ಹಿರಿಯರು ಹೋದಾಗ 'ಸತ್ತರು' ಎಂದು ಯಾರೂ ಹೇಳುವುದಿಲ್ಲ. ಲಿಂಗಾಯತರ ಮನೆಯಲ್ಲಿ 'ಲಿಂಗೈಕ್ಯರಾದರು' ಎನ್ನುತ್ತಾರೆ. ನಾವು 'ಇಂತೆಕಾಲ್ ಆಯಿತು' ಎನ್ನುತ್ತೇವೆ; ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದೆಂದು ಅದರ ಮೂಲ ಅರ್ಥ. 1422ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ಪುಣ್ಯದಿನ ನಮಗೆ ಉರ್ಸ್. ಆ ಅರಬಿ ಪದದ ಅರ್ಥ ಮದುವೆ. ನಮ್ಮ ಕ್ರೈಸ್ತ ನೆರೆಯವರು 'ಕರ್ತನಲ್ಲಿ ನಿದ್ರೆ ಹೋದರು' ಎನ್ನುತ್ತಾರೆ. ಇಷ್ಟೊಂದು ಒಳ್ಳೆಯ ಮಾತುಗಳು ನಮ್ಮ ಸುತ್ತ ಇವೆ. ಆದರೆ ಸಾವು ನನ್ನ ಮನೆಯ ಹೊಸ್ತಿಲು ದಾಟಿದಾಗ ಅವುಗಳಲ್ಲಿ ಒಂದೂ ನನ್ನ ಕೈ ಹಿಡಿಯಲಿಲ್ಲ.

ದೇಶದ ಮೊದಲ ಕೊರೊನಾ ಸಾವು, 2020ರ ಮಾರ್ಚಿನಲ್ಲಿ, ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅಂದಿನಿಂದಲೇ ಈ ಊರು ಹೆಗಲು ಕೊಡುವವರಿಲ್ಲದ ಜನಾಝಾಗಳನ್ನು ಕಂಡಿತು. ಮರುವರ್ಷ ಮೇ ತಿಂಗಳಲ್ಲಿ, ರಮಝಾನಿನ ಕೊನೆಯ ವಾರದಲ್ಲಿ, ನನ್ನ ಖಾಲಾ ಹೋದರು. ತಾಯಿಯಿಲ್ಲದ ನನ್ನನ್ನು ಕಮಲಾಪುರದಲ್ಲಿ ಸಾಕಿ ಬೆಳೆಸಿದವರು ಅವರು. ಆಸ್ಪತ್ರೆಯ ಹಾಸಿಗೆಯಿಂದ ಅಂದು ಬೆಳಗಿನ ಜಾವ ನನಗೆ ಮೂರು ಸಲ ಫೋನ್ ಮಾಡಿದ್ದರು. ಸಹರಿ ಮುಗಿಸಿ, ಫಜರ್ ನಮಾಝ್ ಮಾಡಿ, ಫೋನಿನ ಸದ್ದು ನಿಲ್ಲಿಸಿ ನಾನು ಮಲಗಿದ್ದೆ. ಎದ್ದು ನೋಡಿ ಮರಳಿ ಕರೆ ಮಾಡುವಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಸಂಜೆಯೊಳಗೆ ನಾಲ್ಕು ಜನ ಸೇರಿ ದಫನ್ ಮುಗಿಸಿದರು.

'ಸಬ್ರ್ ಮಾಡು' ಎಂದರು ಬಂದವರು. 'ಅಲ್ಲಾಹನ ಮರ್ಜಿ' ಎಂದರು. 'ರಮಝಾನಿನಲ್ಲಿ ಹೋದರು, ಪುಣ್ಯವಂತರು, ಅಳಬಾರದು' ಎಂದರು. ಆ ಮಾತುಗಳಲ್ಲಿ ನನಗೆ ನಂಬಿಕೆಯಿತ್ತು. ಆದರೂ ಪ್ರತಿಯೊಂದು ಮಾತೂ ನನ್ನ ಬಾಯಿಯ ಮೇಲೆ ಇಟ್ಟ ಅಂಗೈಯಂತೆ ಅನಿಸುತ್ತಿತ್ತು. ನಂಬಿಕೆಯಿದ್ದವಳಿಗೆ ಅಳುವ ಹಕ್ಕಿಲ್ಲವೇ? ಅಳು ಬಂದರೆ ನನ್ನ ಈಮಾನಿನಲ್ಲೇ ಕೊರತೆಯಿದೆ ಎಂದರ್ಥವೇ? ತಿಂಗಳುಗಟ್ಟಲೆ ಈ ಪ್ರಶ್ನೆ ನನ್ನನ್ನು ಕಾಡಿತು.

ಲಾಕ್‌ಡೌನ್ ಸಡಿಲಗೊಂಡ ಮೇಲೆ ಕಮಲಾಪುರದಿಂದ ಅಕ್ಕೋರು ಬಂದರು. ನಮಗೆ ಮೂರನೆಯ ತರಗತಿಯಲ್ಲಿ ಪಾಠ ಹೇಳಿದವರು, ಖಾಲಾಳ ಗೆಳತಿ, ಮೆಥೋಡಿಸ್ಟ್ ಸಭೆಗೆ ಸೇರಿದ ಕ್ರೈಸ್ತರು. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಇತ್ತು. ಅದೇ ಮೇ ತಿಂಗಳಲ್ಲಿ ಅವರೂ ತಮ್ಮನನ್ನು ಕಳೆದುಕೊಂಡಿದ್ದರು. ನನ್ನ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರೇ ಅಳತೊಡಗಿದರು.

ನಾನು ಕೇಳಿಯೇಬಿಟ್ಟೆ: "ಅಕ್ಕೋರೆ, ಸತ್ತವರು ಎದ್ದು ಬರ್ತಾರಂತ ನೀವು ನಂಬ್ತೀರಿ. ಮತ್ತ್ಯಾಕ ಅಳ್ತೀರಿ?"

ಅವರು ಲಾಜರನ ಕತೆ ಹೇಳಿದರು. ಬೇಥಾನ್ಯದಲ್ಲಿ ಲಾಜರ ಸತ್ತು ನಾಲ್ಕು ದಿನವಾಗಿತ್ತು. ತಡವಾಗಿ ಬಂದ ಯೇಸುವಿನ ಮುಂದೆ ಆತನ ಅಕ್ಕತಂಗಿಯರು, ನೀನು ಮೊದಲೇ ಬಂದಿದ್ದರೆ ತಮ್ಮ ಸಹೋದರ ಉಳಿಯುತ್ತಿದ್ದನೆಂದು ದೂರಿದರು. ಯೇಸು ಅವರನ್ನು ಗದರಿಸಲಿಲ್ಲ, ಅತ್ತರು. "ಇನ್ನೊಂದ್ ಸ್ವಲ್ಪ ಹೊತ್ತಿಗಿ ಅವ ಎದ್ದು ಬರ್ತಾನಂತ ಸ್ವಾಮಿಗಿ ಗೊತ್ತಿತ್ತವ್ವಾ. ಆದ್ರೂ ಅತ್ತಾನ. ಗೊತ್ತಿದ್ದಾವನೇ ಅತ್ತಾನಂದ್ರ, ಬರೇ ನಂಬಿಕೊಂಡು ಕುಂತ ನಾನು ಅಳಬಾರ್ದೇನು?"

ಆ ಬೇಥಾನ್ಯಕ್ಕೆ ಇಂದು ಅರಬಿಯಲ್ಲಿ ಅಲ್ ಅಝರಿಯಾ ಎಂಬ ಹೆಸರಿದೆ. ಲಾಜರನಿಂದಲೇ ಬಂದ ಹೆಸರು. ಆತನದೆಂದು ನಂಬಲಾದ ಸಮಾಧಿಯ ಪಕ್ಕದಲ್ಲೇ ಒಂದು ಮಸೀದಿಯಿದೆ. ಅಕ್ಕೋರ ಮಾತು ಕೇಳಿದಾಗ ನನಗೆ ನಮ್ಮ ಮನೆಯದೇ ಕತೆಗಳು ನೆನಪಾದವು. ಪ್ರವಾದಿ ಮುಹಮ್ಮದ್(ಸ)ರ ಮಗು ಇಬ್ರಾಹೀಮ್ ಅವರ ತೋಳಿನಲ್ಲೇ ಕೊನೆಯುಸಿರೆಳೆಯುತ್ತಿದ್ದಾಗ ಅವರ ಕಣ್ಣು ತುಂಬಿತು. ತಾವೂ ಅಳುವಿರಾ ಎಂದು ಸಂಗಾತಿಯೊಬ್ಬರು ಅಚ್ಚರಿಪಟ್ಟಾಗ, ಇದು ಕರುಣೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಯಾಕೂಬ್(ಅ) ಮಗ ಯೂಸುಫನಿಗಾಗಿ ಅತ್ತು ಕಣ್ಣು ಬೆಳ್ಳಗಾಗಿಸಿಕೊಂಡರೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿರೆಂದು ಮಕ್ಕಳಿಗೆ ಬುದ್ಧಿ ಹೇಳಿದವರೂ ಅದೇ ಯಾಕೂಬ್. ಅಂದರೆ ಭರವಸೆ ಮತ್ತು ಕಣ್ಣೀರು ಒಂದೇ ಮುಖದ ಮೇಲೆ ಇರಬಲ್ಲವು. ಪೌಲನು ಥೆಸಲೋನಿಕದವರಿಗೆ ಬರೆದ ಪತ್ರದಲ್ಲೂ ದುಃಖಕ್ಕೆ ನಿಷೇಧವಿಲ್ಲ. ಅದು ಭರವಸೆ ಕಳೆದುಕೊಂಡವರ ದುಃಖ ಆಗಬಾರದೆಂಬ ಕಳಕಳಿಯಷ್ಟೇ ಇದೆ. ಇದೆಲ್ಲ ನಾನು ಓದಿ ತಿಳಿದದ್ದೇ. ಆದರೂ ಅದನ್ನು ನನಗೆ ನೆನಪಿಸಲು ಬೇರೆ ಧರ್ಮದ ಒಬ್ಬ ಹೆಣ್ಣುಮಗಳ ಅಳು ಬೇಕಾಯಿತು.

ಹಾಗಾದರೆ ಅವರ ಭರವಸೆ ಏನು? ಅವರು ತಂದ ಹಣ್ಣನ್ನು ತೋರಿಸಿ, ಸಮಾಧಾನ ಹೇಳುವ ಉತ್ಸಾಹದಲ್ಲಿ ನಾನೆಂದೆ: "ಬಾಳೆ ಒಂದೇ ಸಲ ಗೊನೆ ಬಿಟ್ಟು ಹೋಗ್ತದ. ಆದ್ರ ಬುಡದಾಗ ಕಂದು ಬಂದಿರ್ತದಲ್ರೀ." ಅಕ್ಕೋರು ತಲೆಯಲ್ಲಾಡಿಸಿದರು. "ಮಂದಿ ಹಂಗೇ ಹೇಳ್ತಾರ, ತಮ್ಮನ ಮಕ್ಕಳ ಮಾರಿಯಾಗ ತಮ್ಮನ್ನ ನೋಡ್ಕೋ ಅಂತ. ಕಂದು ಬ್ಯಾರೆ ಗಿಡ ಅದವ್ವಾ. ನನಗ ತ್ವಾಟ ಉಳದ್ರ ಸಾಲಂಗಿಲ್ಲ. ನನ್ನ ತಮ್ಮನೇ ಬೇಕು."

ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ಬದುಕು ಮುಂದುವರಿಯುತ್ತದೆ, ವಂಶ ಉಳಿಯುತ್ತದೆ, ನೆನಪು ಉಳಿಯುತ್ತದೆ ಎಂಬುದೆಲ್ಲ ಉಳಿದವರಿಗೆ ಸಮಾಧಾನ. ಹೋದವರಿಗೆ ಅದರಲ್ಲಿ ಏನೂ ಇಲ್ಲ. ಕ್ರೈಸ್ತರ ಭರವಸೆ ಹೋದವರ ಪರವಾಗಿ ಹಟ ಹಿಡಿಯುತ್ತದೆ: ಆ ವ್ಯಕ್ತಿಯೇ, ಅದೇ ಹೆಸರಿನಿಂದ, ಮತ್ತೆ ಎಬ್ಬಿಸಲ್ಪಡಬೇಕು. ಬೆರಳ ತುದಿಗಳವರೆಗೆ ಮನುಷ್ಯನನ್ನು ಮತ್ತೆ ಕೂಡಿಸಬಲ್ಲೆನೆಂದು ಅಲ್ಲಾಹನು ಹೇಳಿರುವಾಗ, ಈ ಹಟ ನಮಗೆ ಪರಕೀಯವಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಎಲ್ಲ ಧರ್ಮವೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಈಸಾ(ಅ) ಅಲ್ಲಾಹನ ಅಪ್ಪಣೆಯಿಂದ ಸತ್ತವರನ್ನು ಬದುಕಿಸಿದರೆಂದು ನಾವೂ ನಂಬುತ್ತೇವೆ. ಅವರು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದರೆಂಬುದನ್ನು ನಾವು ಒಪ್ಪುವುದಿಲ್ಲ. ಅಕ್ಕೋರ ಭರವಸೆ ನಿಂತಿರುವುದೇ ಅದರ ಮೇಲೆ. ನಮ್ಮ ಭರವಸೆ ಅಲ್ಲಾಹನ ವಾಗ್ದಾನದ ಮೇಲೆ, ಅವನ ರಹಮತ್ತಿನ ಮೇಲೆ. ಈ ಭೇದ ಅಕ್ಕೋರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ನಾವಿಬ್ಬರು ಒಂದೇ ಚಾಪೆಯ ಮೇಲೆ ಕುಳಿತು ಅತ್ತೆವು.

ಹೊರಡುವ ಮುನ್ನ ಅಕ್ಕೋರು ಇನ್ನೊಂದು ಸಂಗತಿ ಹೇಳಿದರು. ಎರಡು ಎಕರೆ ಹೊಲದ ಪಾಲಿನ ಜಗಳದಿಂದ ಅವರೂ ತಮ್ಮನೂ ಎರಡು ವರ್ಷ ಮಾತು ಬಿಟ್ಟಿದ್ದರು. ಮಾತಾಡದೆಯೇ ಆತ ಹೋದ. "ಭೇಟಿ ಆಗ್ತೀವಿ ಅನ್ನೋದೇ ಈಗ ನನಗ ಅಂಜಿಕಿ. ಅವ ಎದ್ರಿಗಿ ಬಂದು ನಿಂತ್ರ ಯಾವ ಮಾರಿ ತೋರಿಸ್ಲಿ?"

ನನ್ನ ಫೋನಿನಲ್ಲಿ ಉಳಿದಿದ್ದ ಆ ಮೂರು ಕರೆಗಳು ಕಣ್ಮುಂದೆ ಬಂದವು. ನಾವು ಭರವಸೆಯನ್ನು ಸಿಹಿ ಔಷಧಿ ಎಂದುಕೊಂಡಿರುತ್ತೇವೆ. ಅದು ಲೆಕ್ಕವೂ ಹೌದು. ಮತ್ತೆ ಕಾಣಲಾರೆವೆಂದಾದರೆ ಋಣವೂ ಅಲ್ಲಿಗೇ ಮುಗಿಯಿತು, ತಪ್ಪೂ ಮಣ್ಣಾಯಿತು. ಕಾಣುವೆವೆಂದು ನಿಜವಾಗಿ ನಂಬುವವನಿಗೆ ಉಳಿದ ಬದುಕು ಆ ಭೇಟಿಯ ತಯಾರಿ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು, ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೋತಿಯನ್ನು, ಜೀಪಿನಲ್ಲಿ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿ, ತಕ್ಷಣ ದೇಶ ಬಿಟ್ಟು ಹೋಗದೆ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ತಾಯಿಗೆ ದುಃಖ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು? ದುಃಖ ದ್ವೇಷವಾಗದಂತೆ ಅವರ ಭರವಸೆ ಕಾದಿತ್ತು, ಅಷ್ಟೆ.

2022ರ ಏಪ್ರಿಲ್ 17 ಈಸ್ಟರ್ ಭಾನುವಾರ. ನಮಗೆ ರಮಝಾನ್ ತಿಂಗಳು. ಹಿಂದಿನ ದಿನವೇ ಕಮಲಾಪುರಕ್ಕೆ ಹೋಗಿ ಖಾಲಾಳ ಮಗಳ ಮನೆಯಲ್ಲಿ ಉಳಿದೆ. ಸಹರಿ, ನಮಾಝ್ ಮುಗಿಸಿ, ಈ ಸಲ ಮಲಗದೆ ಅಕ್ಕೋರ ಜೊತೆ ಹೊಲಕ್ಕೆ ನಡೆದೆ. ನಮ್ಮ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ; ಒಂದು ಗೋರಿಯ ಇಷ್ಟು ಹತ್ತಿರ ನಾನು ನಿಂತದ್ದು ಅದೇ ಮೊದಲು. ಜಗಳವಾಡಿದ ಹೊಲದ ಬದುವಿನಲ್ಲೇ ತಮ್ಮನ ಸಮಾಧಿ. ಅವನ ಹೆಂಡತಿ, ಮಕ್ಕಳು ಮೇಣದಬತ್ತಿ ಹಚ್ಚುತ್ತಿದ್ದರು. ಅಕ್ಕೋರು ತಮ್ಮ ಪಾಲನ್ನು ಆ ಮಕ್ಕಳ ಹೆಸರಿಗೆ ಬರೆದುಕೊಟ್ಟಿದ್ದಾರೆಂದು ನನಗೆ ಅಂದು ತಿಳಿಯಿತು. ಅವರು ತಮ್ಮ ಪ್ರಾರ್ಥನೆ ಮಾಡಿದರು. ನಾನು ಸ್ವಲ್ಪ ದೂರ ನಿಂತು ಖಾಲಾಳಿಗಾಗಿ ದುಆ ಮಾಡಿದೆ.

ಖಾಲಾ ಪ್ರತಿ ಗುರುವಾರ ಹುಮನಾಬಾದಿನಲ್ಲಿ ಒಬ್ಬರೇ ಇರುವ ತಮ್ಮ ಮುದಿ ನಾದಿನಿಗೆ ಫೋನ್ ಮಾಡುತ್ತಿದ್ದರು. ಈಗ ನಾನು ಮಾಡುತ್ತೇನೆ. ಅವರಿಗೆ ಕಿವಿ ಮಂದ, ಬೇಗ ಎತ್ತುವುದಿಲ್ಲ. ಎತ್ತುವವರೆಗೂ ನಾನು ಮತ್ತೆ ಮತ್ತೆ ಕರೆ ಮಾಡುತ್ತೇನೆ. ಖಾಲಾಳ ಮುಂದೆ ನಿಲ್ಲುವ ದಿನ ಹೇಳಲು ನನ್ನ ಬಳಿ ಈ ಒಂದು ಮಾತಾದರೂ ಇರಲಿ ಎಂಬುದು ನನ್ನ ಆಸೆ.