ಅಪೊಸ್ತಲರ ನಾಡನ್ನು ನೋಡಹೋಗುವದು ಯುಕ್ತವೋ?



ಕಳೆದ ಮಳೆಗಾಲದ ತರುವಾಯ ಒಂದು ಭಾನುವಾರ, ಯಲಹಂಕಕ್ಕೆ ಉತ್ತರದಲ್ಲಿರುವ ಒಂದು ಚಿಕ್ಕ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ, ವೃದ್ಧರಾದ ಸಹೋದರರೊಬ್ಬರು ನನ್ನನ್ನು ಬಾಗಲಲ್ಲಿ ತಡೆದು ನಿಲ್ಲಿಸಿದರು. ಅವರ ಕೈಯಲ್ಲಿ ಬಣ್ಣದ ಚಿತ್ರಗಳುಳ್ಳ ಒಂದು ಮುದ್ರಿತ ಕಾಗದವಿತ್ತು. ಅಥೇನೆ, ಕೊರಿಂಥ, ಎಫೆಸ, ಪತ್ಮೋಸ್, ಕ್ರೇತ, ಮೆಲೀತೆ ಎಂಬ ಹೆಸರುಗಳು ಅದರಲ್ಲಿ ಸಾಲಾಗಿ ಅಚ್ಚಾಗಿದ್ದವು. ಪೌಲನೂ ಯೋಹಾನನೂ ಸಂಚರಿಸಿದ ಮೆಡಿಟರೇನಿಯನ್ ಸಮುದ್ರದ ಊರುಗಳನ್ನೂ ದ್ವೀಪಗಳನ್ನೂ ತೋರಿಸಿ ತಿರಿಗಿ ಕರತರುವ ಯಾತ್ರೆಯ ಕಾಗದವು ಅದು.

“ಉಪದೇಶಿಗಳೇ, ಮೂವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪೌಲನ ಪ್ರಯಾಣಗಳನ್ನು ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದವನು ನಾನು. ಕಣ್ಣು ಮುಚ್ಚುವದಕ್ಕೆ ಮುಂಚೆ ಆ ನೆಲವನ್ನು ಒಂದು ಸಾರಿ ನೋಡಬೇಕೆಂದು ಆಶೆ. ಹಣವೂ ಕೂಡಿದೆ. ಹೋಗಬಹುದೋ, ಹೇಳಿರಿ” ಎಂದರು.

ಅವರ ಪತ್ನಿಯವರು ಪಕ್ಕದಲ್ಲಿಯೇ ನಿಂತಿದ್ದರು. “ಇವರ ತಮ್ಮನ ಹೆಂಡತಿಯ ಸಂಗತಿಯನ್ನೂ ಉಪದೇಶಿಗಳಿಗೆ ಹೇಳಬಾರದೇ? ಗಂಡ ತೀರಿಹೋದವಳು. ಮಳೆಗೆ ಮನೆಯ ಮಾಡು ಕುಸಿದು, ಟಾರ್ಪಾಲಿನ ಕೆಳಗೆ ಮಕ್ಕಳನ್ನು ಮಲಗಿಸುತ್ತಿದ್ದಾಳೆ” ಎಂದು ಮೆಲ್ಲಗೆ ನುಡಿದರು.

ಆ ದಿನ ನಾನು ಉತ್ತರ ಕೊಡಲಿಲ್ಲ. ಒಂದು ವಾರದ ಅವಕಾಶವನ್ನು ಬೇಡಿಕೊಂಡೆನು. ಯಾಕಂದರೆ ಆ ವೃದ್ಧರ ಆಶೆಯು ನನ್ನ ಆಶೆಯೂ ಆಗಿತ್ತು. ವೇದಶಾಸ್ತ್ರ ಶಾಲೆಯಲ್ಲಿ ಓದುತ್ತಿದ್ದಾಗ ಗೋಡೆಯಲ್ಲಿ ತೂಗುತ್ತಿದ್ದ ಅಂಥದೇ ನಕ್ಷೆಯ ಮುಂದೆ ನಾನು ನಿಂತ ಹೊತ್ತೆಷ್ಟೋ! ನಮ್ಮ ಹೋಬಳಿಯ ಹಳ್ಳಿಗಳ ಹೆಸರುಗಳನ್ನು ಕಲಿಯುವದಕ್ಕೆ ಮೊದಲೇ ಆ ಸಮುದ್ರದ ರೇವುಗಳ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆನು. 2008ರಲ್ಲಿ ದೇವನಹಳ್ಳಿಯ ಬಳಿಯಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ಜನರು ಹೆಬ್ಬಾಳ, ಯಲಹಂಕಗಳ ಮಾರ್ಗವಾಗಿ ದೂರದೇಶಗಳಿಗೆ ಹೋಗಿ ಬರುವದನ್ನು ನಾವು ದಿನವೂ ಕಾಣುತ್ತೇವೆ. ಹೀಗಿರಲಾಗಿ ಈ ಪ್ರಶ್ನೆಯು ಒಬ್ಬ ಮನುಷ್ಯನದಾಗಿ ನಿಲ್ಲದೆ ಇನ್ನೂ ಅನೇಕ ಸಭೆಗಳಲ್ಲಿ ಏಳುವದು. ಆದಕಾರಣ ಆ ವಾರದಲ್ಲಿ ನಾನು ಆಲೋಚಿಸಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದಾಗಿ, ಸ್ಥಳಕ್ಕೆ ತನ್ನಷ್ಟಕ್ಕೆ ಪರಿಶುದ್ಧತೆಯುಂಟೋ ಎಂಬದನ್ನು ವಿಚಾರಿಸೋಣ. ಸಮಾರ್ಯದ ಸ್ತ್ರೀಯು ಬಾವಿಯ ಬಳಿಯಲ್ಲಿ ಕರ್ತನನ್ನು ಕೇಳಿದ್ದು ಇದನ್ನೇ. ದೇವರನ್ನು ಆರಾಧಿಸತಕ್ಕದ್ದು ತನ್ನ ಜನರ ಬೆಟ್ಟದಲ್ಲಿಯೋ, ಯೆಹೂದ್ಯರ ಯೆರೂಸಲೇಮಿನಲ್ಲಿಯೋ ಎಂದು ಆಕೆಯ ಸಂದೇಹ. ಕರ್ತನು ಆಕೆಯನ್ನು ಬೆಟ್ಟಕ್ಕೂ ಕಳುಹಿಸಲಿಲ್ಲ, ಪಟ್ಟಣಕ್ಕೂ ಕಳುಹಿಸಲಿಲ್ಲ. ಆಕೆಯ ಹೃದಯದ ಕಡೆಗೆ ಬೆರಳು ತೋರಿಸಿದನು. ಪೌಲನು ಅಥೇನೆಯ ಅರಿಯೊಪಾಗದಲ್ಲಿ ನಿಂತು, ಲೋಕವನ್ನು ಸೃಷ್ಟಿಸಿದಾತನಿಗೆ ಮನುಷ್ಯರು ಕಟ್ಟಿದ ಗುಡಿಯು ವಾಸಸ್ಥಾನವಾಗಲಾರದೆಂದು ಸಾರಿದನು. ಈ ಬೋಧೆಯನ್ನು ಕೇಳಿದ ಬಂಡೆಯನ್ನೇ ನಾವು ಗುಡಿಯನ್ನಾಗಿ ಮಾಡಿಕೊಂಡರೆ ಅಪೊಸ್ತಲನಿಗೆ ಎಷ್ಟು ದುಃಖವಾದೀತು! ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ನುಸ್ಸ ಪಟ್ಟಣದ ಅಧ್ಯಕ್ಷನಾಗಿದ್ದ ಗ್ರೆಗೋರಿಯು ಯೆರೂಸಲೇಮನ್ನು ಕಣ್ಣಾರೆ ಕಂಡು ಬಂದವನು. ಅಲ್ಲಿಗೆ ಹೋದದರಿಂದ ತನ್ನ ನಂಬಿಕೆಯು ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲವೆಂತಲೂ, ಊರು ಬದಲಾಯಿಸಿದ ಮಾತ್ರಕ್ಕೆ ಯಾರೂ ದೇವರಿಗೆ ಸಮೀಪವಾಗರೆಂತಲೂ ಆತನು ಪತ್ರದಲ್ಲಿ ಬರೆದನು. ಯಾತ್ರೆಯಿಂದ ಪುಣ್ಯ ಸಂಪಾದಿಸುವೆವೆಂದು ಹೊರಡುವವರಿಗೆ ಇಷ್ಟು ಸಾಕು.

ಹಾಗಾದರೆ ಸ್ಥಳವು ಏನೂ ಅಲ್ಲವೋ? ಹಾಗೆ ಹೇಳುವದಕ್ಕೂ ನನಗೆ ಧೈರ್ಯವಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ಹಳೆಯ ಶಾಸನಕಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರದೆಂದು ತಿಳಿದವರು ಹೇಳುವ ಆ ಕಲ್ಲು, ಕಿತ್ತಯ್ಯನೆಂಬವನು ಕಾಳಗದಲ್ಲಿ ಬಿದ್ದದ್ದನ್ನು ನಮ್ಮ ಕನ್ನಡದಲ್ಲಿಯೇ ಹೇಳುತ್ತದೆ. ಕಲ್ಲನ್ನು ಮುಟ್ಟಿದವನಿಗೆ ಶೌರ್ಯವು ಬರುವದಿಲ್ಲ. ಆದರೂ ಅದನ್ನು ಓದಿದವನು, ಇಲ್ಲಿ ಒಬ್ಬ ಮನುಷ್ಯನು ನಿಜವಾಗಿ ಬದುಕಿ ಸತ್ತನೆಂದು ತಿಳಿದುಕೊಳ್ಳುತ್ತಾನೆ. ಇನ್ನೊಂದು ಸಂಗತಿಯನ್ನು ಕೇಳಿರಿ. 1891ರಲ್ಲಿ ನಮ್ಮ ಯಶವಂತಪುರದ ಮಣ್ಣಿನಲ್ಲಿ ರೋಮಾಪುರದ ಬೆಳ್ಳಿಯ ನಾಣ್ಯಗಳು ಸಿಕ್ಕಿದವು. ಅವುಗಳ ಮೇಲೆ ಔಗುಸ್ತ, ತಿಬೇರಿಯ, ಕ್ಲೌದಿಯ ಮುಂತಾದ ಕೈಸರರ ಮುದ್ರೆಗಳಿದ್ದವು. ಔಗುಸ್ತನ ಆಜ್ಞೆಯಿಂದಲೇ ಯೋಸೇಫನೂ ಮರಿಯಳೂ ಬೇತ್ಲೆಹೇಮಿಗೆ ಹೋದರು. ತಿಬೇರಿಯನ ಹದಿನೈದನೆಯ ವರ್ಷದಲ್ಲಿ ಸ್ನಾನಿಕನಾದ ಯೋಹಾನನು ಸಾರತೊಡಗಿದನು. ಕ್ಲೌದಿಯನು ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದ್ದರಿಂದಲೇ ಅಕ್ವಿಲನೂ ಪ್ರಿಸ್ಕಿಲ್ಲಳೂ ಕೊರಿಂಥಕ್ಕೆ ಬಂದು ಪೌಲನಿಗೆ ಮನೆಯವರಾದರು. ವ್ಯಾಪಾರಿಗಳ ಕೈಯಿಂದ ಕೈಗೆ ದಾಟುತ್ತಾ ಆ ಅರಸರ ನಾಣ್ಯಗಳು ನಮ್ಮ ನೆಲಕ್ಕೂ ಬಂದು ಸೇರಿದವು. ನಮ್ಮ ನಂಬಿಕೆಯು ಕಟ್ಟುಕಥೆಯ ಮೇಲೆ ನಿಂತದ್ದಲ್ಲ. ಇಂಥ ಅರಸನ ಕಾಲದಲ್ಲಿ, ಇಂಥ ಊರಿನ ಬೀದಿಯಲ್ಲಿ ನಡೆದದ್ದು ಎಂಬದಕ್ಕೆ ಊರೂ ಕಲ್ಲೂ ನಾಣ್ಯವೂ ಸಾಕ್ಷಿ ಹೇಳುತ್ತವೆ. ಸಾಕ್ಷಿಯನ್ನು ನಾವು ಆರಾಧಿಸಬಾರದು. ಆದರೆ ಅದರ ಮಾತನ್ನು ಕೇಳುವದರಲ್ಲಿ ತಪ್ಪಿಲ್ಲ.

ಆ ದೂರದ ಸಾಕ್ಷಿಗಳು ಏನು ಹೇಳುತ್ತವೆಂಬದನ್ನೂ ಸ್ವಲ್ಪ ನೋಡೋಣ. ಎಫೆಸವು ಈಗ ತುರ್ಕಿ ದೇಶದಲ್ಲಿದೆ. ಅಲ್ಲಿಯ ನಾಟಕಶಾಲೆಯು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರು ಕೂಡಬಹುದಾದದ್ದು. ಬೆಳ್ಳಿ ಕೆಲಸದ ದೇಮೇತ್ರಿಯನು ಎಬ್ಬಿಸಿದ ಗದ್ದಲದಲ್ಲಿ ಜನರು ಎರಡು ತಾಸು ಅರ್ತೆಮೀ ದೇವಿಯ ಜಯಕಾರ ಮಾಡಿದ್ದು ಅಲ್ಲಿಯೇ. ಆ ದೇವಿಯ ಮಹಾ ಗುಡಿಯ ಸ್ಥಳದಲ್ಲಿ ಈಗ ನಿಂತಿರುವದು, ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಕಂಬ. ಪೌಲನ ಕಾಲದಲ್ಲಿ ಹಡಗುಗಳು ಬಂದು ನಿಲ್ಲುತ್ತಿದ್ದ ರೇವನ್ನು ನದಿಯು ಮಣ್ಣು ತಂದು ತುಂಬಿತು. ಸಮುದ್ರವು ಈಗ ಕೆಲವು ಮೈಲಿಗಳಾಚೆಗೆ ಸರಿದಿದೆ. ಯೋಹಾನನು ಸೆರೆಯಲ್ಲಿದ್ದ ಪತ್ಮೋಸ್ ಬಹು ಚಿಕ್ಕ ದ್ವೀಪ; ಅದರ ಬೆಟ್ಟದ ಮೇಲೆ 1088ರಲ್ಲಿ ಸ್ಥಾಪಿತವಾದ ಮಠವು ಇನ್ನೂ ಇದೆ. ಆದರೆ ಆ ದ್ವೀಪದಿಂದ ಪತ್ರಗಳನ್ನು ಹೊಂದಿದ ಏಳು ಸಭೆಗಳ ಊರುಗಳಲ್ಲಿ ಬಹಳ ಮಟ್ಟಿಗೆ ಕಾಣುವದು ಬಿದ್ದ ಕಂಬಗಳೂ ಹುಲ್ಲೂ ಮಾತ್ರ. ಎಫೆಸದವರು ತಮ್ಮ ಮೊದಲಿನ ಪ್ರೀತಿಯನ್ನು ಬಿಟ್ಟರೆಂತಲೂ, ತಿರುಗಿಕೊಳ್ಳದಿದ್ದರೆ ಅವರ ದೀಪಸ್ತಂಭವು ಎತ್ತಲ್ಪಡುವದೆಂತಲೂ ಆ ಪತ್ರದಲ್ಲಿ ಎಚ್ಚರಿಕೆಯಿತ್ತು.

ಇಲ್ಲಿ ಒಂದು ಮಾತನ್ನು ಜಾಗ್ರತೆಯಿಂದ ಹೇಳಬೇಕು. ಬಿದ್ದ ಊರನ್ನು ನೋಡಿ, ಇವರು ಪಾಪಿಗಳು, ತಕ್ಕದ್ದನ್ನೇ ಅನುಭವಿಸಿದರು ಎಂದು ತೀರ್ಪು ಮಾಡಬಾರದು. ಸ್ಮುರ್ನದ ಸಭೆಗೆ ಬರೆದ ಪತ್ರದಲ್ಲಿ ಒಂದು ಗದರಿಕೆಯ ಮಾತೂ ಇಲ್ಲ. ಆದರೂ ಆ ಪಟ್ಟಣವು 1922ರಲ್ಲಿ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಗ್ರೀಸಿಗೂ ತುರ್ಕಿಗೂ ಆದ ಒಡಂಬಡಿಕೆಯಿಂದ ಜನರ ವಿನಿಮಯವಾಯಿತು. ಆ ವರ್ಷಗಳ ಕೇಡಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಕ್ರೈಸ್ತರು ಆ ಸೀಮೆಯನ್ನು ಬಿಟ್ಟುಹೋದರು. ತುರ್ಕಿಯ ಕಡೆಗೆ ಬಂದ ಮುಸಲ್ಮಾನರೂ ತಮ್ಮ ಮನೆಮಠಗಳನ್ನು ಕಳಕೊಂಡವರೇ. ಹೀಗಿರುವಲ್ಲಿ ಅಲ್ಲಿಯ ಕಲ್ಲುಗಳು ನಮ್ಮನ್ನು ಕೇಳುವದು ಒಂದೇ ಪ್ರಶ್ನೆ: ನಿನ್ನ ಊರಿನ ಸಭೆಯಲ್ಲಿ ಮೊದಲಿನ ಪ್ರೀತಿಯು ಉಳಿದಿದೆಯೋ? ಈ ಪ್ರಶ್ನೆಗೆ ಉತ್ತರವು ಎಫೆಸದಲ್ಲಿ ದೊರೆಯುವದಿಲ್ಲ. ಯಲಹಂಕದ ಹಳ್ಳಿಯಲ್ಲಿಯೇ ಹುಡುಕಬೇಕು.

ಈಗ ಆ ತಾಯಿಯವರ ಮಾತಿಗೆ ಬರುತ್ತೇನೆ. ಅದು ಬಲವಾದ ಮಾತು. ಮಾರ್ಟಿನ್ ಲೂಥರನು 1520ರಲ್ಲಿ ಜರ್ಮನಿಯ ಪ್ರಭುಗಳಿಗೆ ಬರೆದ ಪುಸ್ತಕದಲ್ಲಿ, ಹೆಂಡತಿ ಮಕ್ಕಳನ್ನೂ ನೆರೆಯವನನ್ನೂ ಕೊರತೆಯಲ್ಲಿ ಬಿಟ್ಟು ರೋಮಾಪುರದ ಯಾತ್ರೆಗೆ ಹಣ ಸುರಿಯುವವರನ್ನು ಕುರಿತು ಇಂಥದನ್ನೇ ಹೇಳಿದನು. ಆತನು ತಾನೂ ಹಿಂದೆ ಆ ಯಾತ್ರೆ ಮಾಡಿದ್ದವನು. ಆದರೆ ಬಡವರ ಹೆಸರನ್ನೆತ್ತಿದ ಮಾತೆಲ್ಲಾ ನೀತಿಯ ಮಾತಾಗುವದೆಂದು ತಿಳಿಯಬೇಡಿರಿ. ಬೇಥಾನ್ಯದಲ್ಲಿ ಒಬ್ಬ ಸ್ತ್ರೀಯು ಬಹು ಬೆಲೆಯುಳ್ಳ ತೈಲವನ್ನು ಕರ್ತನ ಮೇಲೆ ಹೊಯ್ದಾಗ, ಅದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲಾ ಎಂದು ಗುಣುಗುಟ್ಟಿದವರು ಇದ್ದರು. ಆತನು ಅವರನ್ನು ಸುಮ್ಮನಿರಿಸಿದನು. ಪ್ರೀತಿಯಿಂದಾದ ವೆಚ್ಚವೆಲ್ಲಾ ವ್ಯರ್ಥವಲ್ಲ. ಮದುವೆಗೂ ಮನೆ ಕಟ್ಟುವದಕ್ಕೂ ಸಾಲಮಾಡಿ ಸುರಿಯುವ ನಾವು, ಒಬ್ಬ ಮುದುಕನು ಅಪೊಸ್ತಲರ ನಾಡನ್ನು ನೋಡಬೇಕೆಂದ ಕೂಡಲೆ ಬಡವರನ್ನು ನೆನಸಿಕೊಂಡರೆ ಅದು ಕಪಟವಾದೀತು. ಹೀಗೆ ನನ್ನ ಮನಸ್ಸು ಎರಡು ಕಡೆಗೂ ಎಳೆಯುತ್ತಿತ್ತು.

ಕೊನೆಗೆ ಪೌಲನ ಪ್ರಯಾಣಗಳನ್ನೇ ಪುನಃ ಓದಿದೆನು; ಅಲ್ಲಿ ನನಗೆ ಬೆಳಕು ಸಿಕ್ಕಿತು. ಇಷ್ಟು ಕಾಲವೂ ನಾನು ನಕ್ಷೆಯ ಗೆರೆಯನ್ನು ನೋಡಿದ್ದೆನೇ ಹೊರತು, ಆ ಗೆರೆಯ ಮೇಲೆ ನಡೆದವನ ಕೈಯಲ್ಲಿ ಏನಿತ್ತೆಂಬದನ್ನು ನೋಡಿರಲಿಲ್ಲ. ಅವನ ಕಡೆಯ ಯೆರೂಸಲೇಮ್ ಪ್ರಯಾಣವನ್ನು ತೆಗೆದುಕೊಳ್ಳಿರಿ. ಮಕೆದೋನ್ಯದವರೂ ಅಖಾಯದವರೂ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೋಸ್ಕರ ಕೂಡಿಸಿದ ಹಣವನ್ನು ಮುಟ್ಟಿಸುವದೇ ಆ ಪ್ರಯಾಣದ ಉದ್ದೇಶವೆಂದು ಅವನು ರೋಮಾಪುರದವರಿಗೆ ಬರೆದನು. ಮಕೆದೋನ್ಯದವರು ತಾವೇ ಕಡುಬಡವರಾಗಿದ್ದು ಕೊಟ್ಟರು. ಕೊರಿಂಥದವರಿಗೆ, ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ಸ್ವಲ್ಪ ಸ್ವಲ್ಪವಾಗಿ ತೆಗೆದಿಡಬೇಕೆಂದು ಅವನು ಕ್ರಮ ಹೇಳಿಕೊಟ್ಟನು. ಆ ದಾರಿಯಲ್ಲಿ ತನ್ನ ಪ್ರೀತಿಯ ಎಫೆಸಕ್ಕೂ ಅವನು ಹೋಗಲಿಲ್ಲ. ತಡವಾಗುವದೆಂದು ಅದನ್ನು ದಾಟಿ, ಸಭೆಯ ಹಿರಿಯರನ್ನು ಮಿಲೇತಕ್ಕೆ ಕರೆಕಳುಹಿಸಿ ಮಾತಾಡಿದನು. ನಾವು ನೋಡಬೇಕೆಂದು ಹಾತೊರೆಯುವ ಊರನ್ನು ಪೌಲನು ಬಡವರ ಗಂಟು ಕೈಯಲ್ಲಿದ್ದದರಿಂದ ಬಿಟ್ಟು ಹೋದನು!

ಮೆಲೀತೆ ದ್ವೀಪದ ಸಂಗತಿಯೂ ಹಾಗೆಯೇ. ಇಂದು ಅದನ್ನು ಮಾಲ್ಟಾ ಎನ್ನುತ್ತಾರೆ. ಹಡಗು ಒಡೆದು 276 ಮಂದಿ ದಡ ಸೇರಿದಾಗ ಮಳೆಯೂ ಚಳಿಯೂ ಇದ್ದವು. ಸುವಾರ್ತೆಯನ್ನು ಎಂದೂ ಕೇಳದ ಆ ದ್ವೀಪದವರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಆದರಿಸಿದರು. ಅಪೊಸ್ತಲನು ಆಗ ಏನು ಮಾಡುತ್ತಿದ್ದನು? ಸೌದೆ ಕೂಡಿಸಿ ಬೆಂಕಿಗೆ ಹಾಕುತ್ತಿದ್ದನು. ಯಾತ್ರೆಯವರು ಆ ಕೊಲ್ಲಿಯನ್ನು ತೋರಿಸಬಹುದು. ಸೌದೆ ಆರಿಸುವ ಕೆಲಸವು ನಮ್ಮ ಊರಿನಲ್ಲಿಯೂ ಉಂಟು. ನಮ್ಮ ನಾಡಿನ ಸಂಗತಿಯೂ ಇದೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನೂ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂವರೂ ಸಮುದ್ರವನ್ನು ದಾಟಿದ್ದು ನೋಟಕ್ಕಾಗಿಯಲ್ಲ. ಒಂದು ಹೊರೆಯನ್ನು ಹೊತ್ತು ತಂದರು. ಪೌಲನ ಜಾಡು ಎಂದರೆ ಅವನು ತುಳಿದ ಮಣ್ಣಿಗಿಂತ ಅವನು ಹೊತ್ತ ಹೊರೆಯೇ ಎಂದು ನನಗೆ ತೋರಿತು.

ಮುಂದಿನ ಭಾನುವಾರ ಆ ಇಬ್ಬರ ಮನೆಗೆ ಹೋಗಿ ಇದನ್ನೆಲ್ಲಾ ಹೇಳಿದೆನು. “ಯಜಮಾನರೇ, ಹೋಗಬೇಡಿರೆಂದು ಹೇಳುವ ಅಧಿಕಾರವು ನನಗಿಲ್ಲ. ಪುಣ್ಯಕ್ಕಾಗಿ ಹೋಗಬೇಡಿರಿ, ಸಾಲಮಾಡಿ ಹೋಗಬೇಡಿರಿ, ನೋಡಿ ಬಂದೆನೆಂದು ಹೆಚ್ಚಳಪಡುವದಕ್ಕೆ ಹೋಗಬೇಡಿರಿ. ಪೌಲನ ದಾರಿಯನ್ನು ಹಿಡಿಯಬೇಕೆಂದರೆ ಅವನಂತೆ ಬಡವರ ಗಂಟನ್ನು ಮೊದಲು ಮುಟ್ಟಿಸಿರಿ. ಆಮೇಲೆ ಶಕ್ತಿಯೂ ಹಣವೂ ಉಳಿದರೆ ಸಂತೋಷದಿಂದ ಹೋಗಿ ಬನ್ನಿರಿ, ಕಂಡದ್ದನ್ನು ನಮ್ಮ ಮಕ್ಕಳಿಗೆ ಹೇಳಿರಿ” ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ಮುಖದಲ್ಲಿ ನೋವು ಕಂಡಿತು. ಅದನ್ನು ನಾನು ಮರೆಮಾಡುವದಿಲ್ಲ. ಎಪ್ಪತ್ತು ದಾಟಿದವರಿಗೆ ಆಮೇಲೆ ಎಂಬ ಮಾತು ಹಗುರವಾದದ್ದಲ್ಲ.

ಸಂಕ್ರಾಂತಿಯ ವೇಳೆಗೆ ಆ ವಿಧವೆಯ ಮನೆಗೆ ಹೊಸ ಮಾಡು ಬಂತು. ಹೆಂಚು ಹೊದಿಸುವ ದಿನ ಆ ವೃದ್ಧರು ಏಣಿಯ ಬುಡದಲ್ಲಿ ನಿಂತು ಒಂದೊಂದಾಗಿ ಹೆಂಚುಗಳನ್ನು ಮೇಲಕ್ಕೆ ಕೊಡುತ್ತಿದ್ದರು. ಬಣ್ಣದ ಕಾಗದವು ಅವರ ಸತ್ಯವೇದದೊಳಗೆ, ಅಪೊಸ್ತಲರ ಕೃತ್ಯಗಳ ಪುಟದಲ್ಲಿ ಇನ್ನೂ ಇದೆ. ಉಳಿದ ಹಣಕ್ಕೆ ಇನ್ನಷ್ಟು ಕೂಡಿದರೆ ಮುಂದಿನ ವರ್ಷ ಹೋಗುವರಂತೆ. ಅವರ ಪತ್ನಿಯವರು, “ಹೋಗುವದಾದರೆ ನಾನೂ ಬರುತ್ತೇನೆ; ಇವರೊಬ್ಬರನ್ನೇ ಹಡಗಿಗೆ ಹತ್ತಿಸಿದರೆ ಮೆಲೀತೆಯಲ್ಲಿ ಸೌದೆ ಆರಿಸುವವರು ಯಾರು?” ಎಂದು ನಕ್ಕರು.

ಪ್ರಿಯರೇ, ನಿಮ್ಮಲ್ಲಿ ಹೆಚ್ಚಿನವರು ಆ ದ್ವೀಪಗಳನ್ನು ಎಂದೂ ಕಾಣಲಿಕ್ಕಿಲ್ಲ, ನಾನೂ ಕಾಣಲಿಕ್ಕಿಲ್ಲ. ಹೊಲದಲ್ಲಿ ನಿಂತಾಗ ತಲೆಯ ಮೇಲೆ ವಿಮಾನವು ಹಾದುಹೋದರೆ, ಹೋಗುವವರಿಗೆ ಒಳ್ಳೆಯದಾಗಲೆಂದು ಹರಸೋಣ. ಬಳಿಕ ಕಣ್ಣು ತಗ್ಗಿಸಿ ನಮ್ಮ ಬೀದಿಯನ್ನು ನೋಡೋಣ. ಯಾರ ಮನೆಯ ಮಾಡು ಸೋರುತ್ತಿದೆ?