ಸಟ್ಟುಗ ಹಿಡಿದ ಕೈ

ಉಡುಪಿಯ ಪರ್ಯಾಯೋತ್ಸವದಲ್ಲಿ ನೋಡುವವರ ಕಣ್ಣು ಮೆರವಣಿಗೆಯ ಮೇಲೆ, ವಾದ್ಯವೈಭವದ ಮೇಲೆ ನಿಲ್ಲುವುದು ಸಹಜವೇ. ಆದರೆ ಅಂದಿನ ಮುಖ್ಯ ಕಾರ್ಯವು ಒಂದು ಅಕ್ಷಯಪಾತ್ರೆಯೂ ಒಂದು ಸಟ್ಟುಗವೂ ಒಬ್ಬ ಯತಿಗಳ ಕೈಯಿಂದ ಇನ್ನೊಬ್ಬ ಯತಿಗಳ ಕೈಗೆ ದಾಟುವುದು. ಅದಕ್ಕೂ ಬಹಳ ಮುಂಚಿನಿಂದ ನಡೆದು ಬರುವ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳನ್ನು ಗಮನಿಸಿರಿ. ನಾಲ್ಕೂ ಅನ್ನದಾನದ ಸಿದ್ಧತೆಗಳೇ. ಶ್ರೀವಾದಿರಾಜರು ಎರಡು ತಿಂಗಳ ಸರದಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. ಆ ಅವಧಿ ತೀರಿದೊಡನೆ ಸಟ್ಟುಗವನ್ನು ಒಪ್ಪಿಸಿ ಏಳಲೇಬೇಕು. ಅದೇ ಮಠಕ್ಕೆ ಅದು ಮರಳಿ ಬರುವುದು 14 ವರ್ಷಗಳು ಕಳೆದ ಮೇಲೆ. ಸಹಸ್ರಾರು ಮಂದಿಗೆ ಬಡಿಸಿದ ಕೈಯೂ ಅನ್ನದ ಒಡೆತನವನ್ನು ಹೊಂದಿದ್ದಲ್ಲ.

ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲ ಅವನ ಅಧೀನ ಎಂಬ ನಮ್ಮ ಸಿದ್ಧಾಂತವನ್ನು ವಾದಸಭೆಗೆ ಮಾತ್ರ ಮೀಸಲಿಡದೆ ಹಣದ ಪೆಟ್ಟಿಗೆಯ ಬಳಿಗೂ ಕೊಂಡೊಯ್ಯಬೇಕಲ್ಲವೇ? ದಾನಕಾಲದಲ್ಲಿ ತುಳಸಿಯೊಡನೆ ನೀರು ಬಿಟ್ಟು 'ನ ಮಮ' ಎನ್ನುತ್ತೇವೆ. ಆ ನೀರು ಆರುವ ಮುನ್ನವೇ, ಕೊಟ್ಟ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಹೆಸರು ಬರೆಸುತ್ತೇವೆ! ದಾನಿಗಳ ಪಟ್ಟಿ ಅಚ್ಚಾಗುವುದು ಲೆಕ್ಕದ ಶುದ್ಧಿಗೆ ಅವಶ್ಯ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ತಿರುಗುವ ರೆಕ್ಕೆಯ ಮೇಲಿನ ಹೆಸರನ್ನು ಯಾರು ಓದಿಯಾರು ಎಂಬುದು ಬೇರೆ ಮಾತು.

ಆದರೂ ಕೀರ್ತಿಯ ಆಸೆಯಿಂದ ಕೊಡುವುದಕ್ಕಿಂತಲೂ ಕೀಳಾದುದೊಂದು ಉಂಟು. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಪ್ರತ್ಯುಪಕಾರವನ್ನೋ ಫಲವನ್ನೋ ಬಯಸಿ ಕೊಡುವುದನ್ನು ರಾಜಸವೆಂದನು. ಸತ್ಕಾರವಿಲ್ಲದೆ, ಅವಜ್ಞೆಯಿಂದ ಕೊಡುವುದನ್ನು ತಾಮಸದಲ್ಲಿ ಸೇರಿಸಿದನು. ಈ ಕ್ರಮವು ವಿಚಾರಾರ್ಹ. ಮನೆಗೆಲಸದವಳಿಗೆ ನಿನ್ನೆಯ ಹಳಸಿದ ಅನ್ನವನ್ನು ಕೊಟ್ಟು 'ಧರ್ಮ ಮಾಡಿದೆವು' ಎನ್ನುವುದು, ಬಡ ವಿದ್ಯಾರ್ಥಿಗೆ ಶುಲ್ಕ ಕಟ್ಟಿ ಅವನ ಬಡತನವನ್ನು ನಾಲ್ವರೆದುರು ಹೇಳುವುದು, ಸಂತರ್ಪಣೆಯ ಕೊನೆಯ ಪಂಕ್ತಿಗೆ ನೀರು ಬೆರೆಸಿದ ಸಾರನ್ನು ಮುಖ ನೋಡದೆ ಸುರಿಯುವುದು: ಇವುಗಳಲ್ಲಿ ವಸ್ತುವೇನೋ ಕೈ ದಾಟಿತು, ದಯೆ ದಾಟಲಿಲ್ಲ. ಮೃದುವಾದ ಮಾತು ದಾನಕ್ಕೆ ಅಲಂಕಾರವಲ್ಲ, ಅಂಗ.

ಇಲ್ಲಿ ಆಸ್ತಿಕರೇ ಎತ್ತುವ ಒಂದು ಆಕ್ಷೇಪವಿದೆ. 'ಅವರವರ ದುಃಖ ಅವರವರ ಪ್ರಾರಬ್ಧ. ನಡುವೆ ಬರಲು ನಾವು ಯಾರು?' ಕರ್ಮಫಲವನ್ನು ನಾವು ಅಲ್ಲಗಳೆಯಲಾರೆವು. ಆದರೆ ಫಲವನ್ನು ಕೊಡುವವನು ಶ್ರೀಹರಿ. ಆ ಲೆಕ್ಕದ ಪುಸ್ತಕವನ್ನು ಅವನು ನಮ್ಮ ಕೈಗೆ ಕೊಟ್ಟಿಲ್ಲ. ಹಸಿದವನನ್ನು ನಮ್ಮ ಬಾಗಿಲಿಗೆ ಕಳುಹಿಸಿದವನೂ ಅವನೇ ಅಲ್ಲವೇ? ಬಾಗಿಲು ಮುಚ್ಚಿದರೆ ಆ ಕರ್ಮ ನಮ್ಮ ಲೆಕ್ಕಕ್ಕೇ ಸೇರುವುದು. ಇನ್ನೊಬ್ಬರ ಪ್ರಾರಬ್ಧವನ್ನು ನಮ್ಮ ಲೋಭಕ್ಕೆ ಸಮರ್ಥನೆಯಾಗಿ ಬಳಸುವುದು ಶಾಸ್ತ್ರಕ್ಕೆ ಮಾಡುವ ಅಪಚಾರವೆಂದೇ ನಮ್ಮ ಭಾವನೆ.

ಶ್ರೀಮದ್ಭಾಗವತದ ನವಮ ಸ್ಕಂಧದ ರಂತಿದೇವನು ಈ ಪ್ರಶ್ನೆಯನ್ನೇ ಕೇಳಲಿಲ್ಲ. ಕುಟುಂಬಸಹಿತನಾಗಿ 48 ದಿನಗಳು ನೀರೂ ಇಲ್ಲದೆ ಕಳೆದವನಿಗೆ ಮರುದಿನ ಬೆಳಿಗ್ಗೆ ತುಪ್ಪ, ಪಾಯಸ, ಭಕ್ಷ್ಯ, ನೀರು ದೊರೆತವು. ಉಣ್ಣಲು ಕುಳಿತಾಗ ಬ್ರಾಹ್ಮಣನೊಬ್ಬ ಬಂದ. ಆತನ ಬಳಿಕ ಶೂದ್ರನೊಬ್ಬ. ಆಮೇಲೆ ನಾಯಿಗಳೊಡನೆ ಮತ್ತೊಬ್ಬ ಅತಿಥಿ. ಆದರದಿಂದ ಎಲ್ಲವನ್ನೂ ಕೊಟ್ಟು ನಾಯಿಗಳಿಗೂ ಅವುಗಳ ಒಡೆಯನಿಗೂ ರಾಜನು ನಮಿಸಿದನು. ಜೀವನೇ ಹರಿಯೆಂದಲ್ಲ, ಆ ಜೀವನೊಳಗೆ ಹರಿಯಿದ್ದಾನೆಂದು. ಈ ಭೇದವನ್ನು ನಮ್ಮವರು ಮರೆಯಲಾಗದು. ಒಬ್ಬನಿಗೆ ಸಾಲುವಷ್ಟು ನೀರು ಮಾತ್ರ ಉಳಿದಿತ್ತು. ಅದನ್ನು ಕುಡಿಯಬೇಕೆನ್ನುವಾಗ ಪುಲ್ಕಸನೊಬ್ಬನು ಬಾಯಾರಿ ಬೇಡಿದನು. ತನಗೆ ಸಿದ್ಧಿಗಳೂ ಬೇಡ, ಮೋಕ್ಷವೂ ಬೇಡ, ಪ್ರಾಣಿಗಳ ದುಃಖ ತನಗೆ ಬರಲಿ ಎಂದು ನುಡಿದು ಸಾಯುವ ಸ್ಥಿತಿಯಲ್ಲಿದ್ದ ರಾಜನು ಆ ನೀರನ್ನೂ ಕೊಟ್ಟನು. ಬಂದವರು ದೇವತೆಗಳೆಂಬುದು ಅನಂತರ ಪ್ರಕಟವಾಯಿತು. ಆಗಲೂ ಅವನು ಏನನ್ನೂ ಬೇಡಲಿಲ್ಲ. ಅವರಿಗೆ ಕೈಮುಗಿದು ವಾಸುದೇವನಲ್ಲಿ ಮನಸ್ಸನ್ನಿಟ್ಟನು.

ಶ್ರೀಕೃಷ್ಣಾರ್ಪಣಮಸ್ತು.