ಎಲೆಯ ಕಹಿ, ನಮ್ಮ ಋಣ

ಭೀಮಸಮುದ್ರದ ಅಡಿಕೆ ತೋಟಗಳ ಹಸಿರಿಗೆ ಅಲ್ಲಿನ ಕೆರೆಯೇ ತಾಯಿ. ಮಳೆಯನ್ನು ನೆಚ್ಚಿಕೊಳ್ಳಲಾಗದ ಈ ಸೀಮೆಯಲ್ಲಿ ಕೆರೆ ಕಟ್ಟಿಸುವುದನ್ನು ಹಿರಿಯರು ಪುಣ್ಯವೆಂದೇ ಎಣಿಸಿದರು. ಆದರೆ ನೀರು ಬೆಳೆಯೊಂದನ್ನೇ ತರುವುದಿಲ್ಲ. ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಮುಗಿದು ಹಿರಿಯೂರಿನ ಹೊಲಗಳಿಗೆ ನಾಲೆ ಹರಿಯಿತು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಊರುಗಳಲ್ಲಿ ಹಿರಿಯೂರೂ ಸೇರಿತ್ತು. ಅನ್ನ ಕೊಡುವ ನೀರೇ ಚಳಿಜ್ವರದ ಸೊಳ್ಳೆಗೂ ತೊಟ್ಟಿಲಾಗುತ್ತದೆ. ಇಂಥ ಕಡೆ ಮನಸ್ಸು ಒಂದು ಸಮಾಧಾನವನ್ನು ಹುಡುಕುತ್ತದೆ: ರೋಗ ಕೊಟ್ಟವನು ಮದ್ದನ್ನೂ ಪಕ್ಕದಲ್ಲೇ ಇಟ್ಟಿರುತ್ತಾನೆ ಎಂದು. ಹಾಗಾದರೆ ಗಿಡದೊಳಗಿನ ಮದ್ದು ನಮಗಾಗಿಯೇ ಹುಟ್ಟಿದ್ದೇ? ಅಲ್ಲ ಎಂಬುದು ನನ್ನ ವಾದ. ಅಲ್ಲವಾದ್ದರಿಂದಲೇ ಅದರ ಋಣ ನಮ್ಮ ಮೇಲೆ ಇನ್ನಷ್ಟು ಭಾರವಾಗಿದೆ.

ಮೊದಲು ಸಾಕ್ಷ್ಯವನ್ನು ನೋಡೋಣ. ಕ್ವಿನೈನ್ ಕೊಡುವ ಸಿಂಕೋನಾ ಮರದ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಮಾರಕವಾದ ಫಾಲ್ಸಿಪೆರಮ್ ಮಲೇರಿಯಾ ಆ ಖಂಡಕ್ಕೆ ಹೋದದ್ದು ಐರೋಪ್ಯರ ಹಡಗುಗಳು ಆಫ್ರಿಕದಿಂದ ಗುಲಾಮರನ್ನು ಸಾಗಿಸಿದ ಕಾಲದಲ್ಲಿ. ಮರ ಅದಕ್ಕೂ ಎಷ್ಟೋ ಹಿಂದಿನದು. ರೋಗವೇ ಇಲ್ಲದ ನೆಲದಲ್ಲಿ ಅದರ ತೊಗಟೆ ಕಹಿಯಾಗಿತ್ತು. ಇಂದು ಮಲೇರಿಯಾಕ್ಕೆ ಮುಖ್ಯ ಮದ್ದಾಗಿರುವ ಆರ್ಟೆಮಿಸಿನಿನ್ನಿನ ಕಥೆಯೂ ಇದೇ. ಚೀನಾದ ಚಿಂಗ್‌ಹಾವ್ ಗಿಡ ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಇದನ್ನು ತಯಾರಿಸಿಕೊಳ್ಳುತ್ತದೆ. ಈ ವಸ್ತು ಸುತ್ತಲಿನ ಸಸಿಗಳ ಮೊಳಕೆಯನ್ನು ತಡೆಯಬಲ್ಲದು. ಗಿಡ ತನ್ನ ಉಳಿವಿಗೆ ಹೂಡಿದ ಉಪಾಯ ಇದು. ಅದರ ಅಣುವಿನಲ್ಲಿ ಎರಡು ಆಮ್ಲಜನಕಗಳು ಕೈಹಿಡಿದು ನಿಂತ ಒಂದು ಸೇತುವೆಯಿದೆ. ರೋಗಾಣು ನಮ್ಮ ರಕ್ತದ ಹಿಮೋಗ್ಲೋಬಿನ್ ತಿಂದಾಗ ಹೊರಬೀಳುವ ಕಬ್ಬಿಣದ ಅಂಶ ತಗುಲಿ ಆ ಸೇತುವೆ ಮುರಿಯುತ್ತದೆ. ಮುರಿದ ಚೂರುಗಳು ರೋಗಾಣುವನ್ನೇ ಸುಡುತ್ತವೆ. ಗಿಡಕ್ಕೆ ನಮ್ಮ ರಕ್ತದ ಸುದ್ದಿಯೇ ಗೊತ್ತಿರಲಿಲ್ಲ.

ಆಸ್ತಿಕರು ಇಲ್ಲಿ ಕೇಳಬಹುದು: ಗಿಡಕ್ಕೆ ಗೊತ್ತಿಲ್ಲದಿದ್ದರೇನು, ಗಿಡವನ್ನು ಮಾಡಿದವನಿಗೆ ಗೊತ್ತಿರಬಾರದೇ? ಇರಬಹುದು, ಎಲೆಯ ಗ್ರಂಥಿಯನ್ನು ಅಳೆದು ದೇವರ ಸಂಕಲ್ಪವನ್ನು ಅಲ್ಲಗಳೆಯಲು ಬಾರದು. ಆದರೆ ಆ ಸಂಕಲ್ಪ ಯಾವ ಎಲೆಯಲ್ಲಿದೆ, ಎಷ್ಟಿದೆ ಎಂಬುದನ್ನು ಭಕ್ತಿಯೊಂದೇ ಹೇಳಲಾರದು. ನಮ್ಮ ದವನವನ್ನೇ ನೋಡಿ. ಚೈತ್ರದ ಹುಣ್ಣಿಮೆಗೆ ತನ್ನ ಹೆಸರನ್ನೇ ಕೊಟ್ಟು ದೇವರ ಮುಡಿಗೇರುವ ಈ ಗಿಡ, ಗಣೇಶನಿಗೆ ಏರಿಸುವ ಮಾಚಿಪತ್ರೆ, ಆ ಚಿಂಗ್‌ಹಾವ್ ಮೂರೂ ಆರ್ಟೆಮಿಸಿಯಾ ಎಂಬ ಒಂದೇ ಕುಲದವು. ಹಾಗೆಂದು ದವನದ ಕಷಾಯ ಕುಡಿದು ಮಲೇರಿಯಾ ವಾಸಿಯಾದೀತೆಂದು ನೆಚ್ಚಿದರೆ ಜೀವಕ್ಕೇ ಅಪಾಯ. ಪಾವಿತ್ರ್ಯ ಒಂದು, ಔಷಧಗುಣ ಇನ್ನೊಂದು. ಚಿಂಗ್‌ಹಾವನ್ನು ಕೂಡ ಕುದಿಸಿ ಕುಡಿದರೆ ಸಾಲದು. ನಾಲ್ಕನೆಯ ಶತಮಾನದ ಚೀನೀ ವೈದ್ಯ ಗೆ ಹೊಂಗ್, ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಎಂದು ಬರೆದಿಟ್ಟಿದ್ದ. ಕಾಯಿಸುವ ಮಾತೇ ಅಲ್ಲಿಲ್ಲವೆಂಬುದನ್ನು ಗಮನಿಸಿದ ಚೀನೀ ವಿಜ್ಞಾನಿ ತು ಯೂಯೂ 1971ರಲ್ಲಿ ಕಡಿಮೆ ಶಾಖದಲ್ಲಿ, ಈಥರ್‌ನಲ್ಲಿ ಸಾರ ಇಳಿಸಿದರು; ಮರುವರ್ಷ ಶುದ್ಧ ವಸ್ತು ಕೈಗೆ ಬಂತು, 2015ರಲ್ಲಿ ನೊಬೆಲ್ ಬಂತು. ಅವರು ಹಳೆಯ ಗ್ರಂಥವನ್ನು ಪೂಜಿಸಿ ಬದಿಗಿಡಲಿಲ್ಲ, ಹಳತೆಂದು ತಳ್ಳಲೂ ಇಲ್ಲ, ಪರೀಕ್ಷೆಗೆ ಒಡ್ಡಿದರು. ಹಿರಿಯರ ಮಾತಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದೇ.

ಇನ್ನು ನಾಸ್ತಿಕರ ಆಕ್ಷೇಪ: ಕೊಡುವ ಮನಸ್ಸೇ ಇಲ್ಲದ ಗಿಡಕ್ಕೆ ಋಣವೆಂಥದು? ಋಣವನ್ನು ಸಾಹುಕಾರನ ಲೆಕ್ಕವೆಂದುಕೊಂಡರೆ ಈ ಪ್ರಶ್ನೆ ಸರಿ. ನಮ್ಮ ಪರಂಪರೆ ಅದನ್ನು ಹಾಗೆ ಕಾಣಲಿಲ್ಲ. ಋಷಿಋಣ ತೀರುವುದು ಕಲಿತದ್ದನ್ನು ಮುಂದಿನವರಿಗೆ ದಾಟಿಸುವುದರಿಂದ. ಕೆರೆ ಕಟ್ಟಿದವರ ಋಣ ತೀರುವುದು ಹೂಳೆತ್ತುವುದರಿಂದ. ಕೊಟ್ಟವರಿಗೆ ಹಿಂದಿರುಗಿಸುವುದು ಇಲ್ಲಿ ಮುಖ್ಯವಲ್ಲ, ಪಡೆದದ್ದು ನಮ್ಮ ಕೈಯಲ್ಲಿ ಕೆಡಬಾರದು. ನಮಗೆಂದೇ ಮಾಡಿದ ವಸ್ತು ಮುಗಿದರೆ ಮಾಡಿದವನು ಮತ್ತೆ ಕೊಟ್ಟಾನೆಂದು ಕಾಯಬಹುದು. ಆಕಸ್ಮಿಕವಾಗಿ ದಕ್ಕಿದ್ದು ಹೋದರೆ ಹೋದಂತೆಯೇ.

ಇದು ಬರಿಯ ತತ್ತ್ವವಲ್ಲ. ಒಂದು ಕಾಲಕ್ಕೆ ಮಲೇರಿಯಾಕ್ಕೆ ರಾಮಬಾಣವಾಗಿದ್ದ ಕ್ಲೋರೋಕ್ವಿನ್ ಎಂಬ ಮದ್ದು ಫಾಲ್ಸಿಪೆರಮ್ ಮುಂದೆ ಬಹುಕಡೆ ಸೋತಿತು. ಆರ್ಟೆಮಿಸಿನಿನ್ನಿಗೂ ರೋಗಾಣು ಮಣಿಯಲು ತಡಮಾಡುತ್ತಿರುವುದು ಕಾಂಬೋಡಿಯದ ಪಶ್ಚಿಮ ಗಡಿಯಲ್ಲಿ 2008ರ ಸುಮಾರಿಗೆ ಗೊತ್ತಾಯಿತು. ಈ ಮದ್ದು ಬೇಗ ಹೊಡೆಯುತ್ತದೆ, ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿದೂ ಹೋಗುತ್ತದೆ. ಅದಕ್ಕೇ ಜೊತೆಗೆ ಹೆಚ್ಚು ಕಾಲ ಉಳಿಯುವ ಇನ್ನೊಂದು ಮದ್ದನ್ನು ಸೇರಿಸಿ ಮೂರು ದಿನ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ಎರಡನೆಯ ದಿನ ಮಾತ್ರೆ ನಿಲ್ಲಿಸಿದರೆ ಉಳಿಯುವುದು ಗಟ್ಟಿ ರೋಗಾಣುಗಳೇ. ಅವು ಸೊಳ್ಳೆಯ ಮೂಲಕ ಪಕ್ಕದ ಮನೆಯ ಮಗುವನ್ನು ಸೇರುತ್ತವೆ. ಹೂಳೆತ್ತದ ಕೆರೆಯ ನಷ್ಟವನ್ನು ಮುಂದಿನ ತಲೆಮಾರು ಹೊರುತ್ತದೆ. ಅರ್ಧಕ್ಕೆ ಬಿಟ್ಟ ಮದ್ದಿನ ನಷ್ಟವೂ ಹಾಗೆಯೇ. ನೆತ್ತರು ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನವೂ ತಪ್ಪದೆ ಮಾತ್ರೆ ನುಂಗುವುದು ಆ ಕಹಿ ಎಲೆಗೆ ನಾವು ಸಲ್ಲಿಸುವ ಪೂಜೆ.